ಶಾಲ್ಮಲೆಯ ನೀರು ಇಳಿದ ಮೇಲೆ

ಶಿರಸಿ ಸಮೀಪದ ನಮ್ಮ ಅಡಿಕೆ ತೋಟದ ಮನೆಯಲ್ಲಿ ಪ್ರವಾಸಿಗರನ್ನು ಉಳಿಸಿಕೊಳ್ಳಲು ಆರಂಭಿಸಿದ ಹೊಸತರಲ್ಲಿ, ಸಹಸ್ರಲಿಂಗ, ಉಂಚಳ್ಳಿ, ಯಾಣ, ಬನವಾಸಿಗಳನ್ನೆಲ್ಲ ಒಂದೇ ದಿನದಲ್ಲಿ ತೋರಿಸಿ ಕಳಿಸುವುದೇ ಒಳ್ಳೆಯ ಆತಿಥ್ಯವೆಂದು ನಾನು ನಂಬಿದ್ದೆ. ಒಂದು ಆಗಸ್ಟ್ ತಿಂಗಳಲ್ಲಿ ಧಾರವಾಡದ ವೃದ್ಧ ದಂಪತಿಯನ್ನು ಸಹಸ್ರಲಿಂಗಕ್ಕೆ ಕರೆದೊಯ್ದಾಗ ಶಾಲ್ಮಲಾ ನದಿ ಕೆಂಪಾಗಿ ತುಂಬಿ ಹರಿಯುತ್ತಿತ್ತು; ಅದರ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳೆಲ್ಲ ನೀರಿನಡಿ ಮುಳುಗಿದ್ದವು. "ಲಿಂಗ ಎಲ್ಲಿ ಅದಾವ ತಮ್ಮಾ?" ಎಂದು ಆ ಅಜ್ಜಿ ಕೇಳಿದಾಗ, ನೀರಿನತ್ತ ಕೈ ತೋರಿಸುವುದರ ಹೊರತು ನನ್ನಲ್ಲಿ ಉತ್ತರವಿರಲಿಲ್ಲ. ಅವರು ಅಷ್ಟು ದೂರದಿಂದ ಬಂದು ಬರಿಗೈಯಲ್ಲಿ ಮರಳಿದ ನೋವು ನನಗೆ ಇಂದಿಗೂ ಇದೆ.

ಅಂದಿನಿಂದ ನದಿಯ ನೀರು ನೋಡಿಕೊಂಡೇ ದಾರಿ ಗೊತ್ತುಮಾಡುತ್ತೇನೆ. ಅಘನಾಶಿನಿ 116 ಮೀಟರ್ ಎತ್ತರದಿಂದ ಧುಮುಕುವ ಉಂಚಳ್ಳಿಯನ್ನು ಮಳೆ ಹಿಂದೆ ಸರಿದು ಮಂಜು ತಿಳಿಯಾಗುವ ಅಕ್ಟೋಬರಿನಲ್ಲಿ ತೋರಿಸುತ್ತೇನೆ. ಸಹಸ್ರಲಿಂಗಕ್ಕೆ ಡಿಸೆಂಬರಿನ ನಂತರವೇ ಹೋಗುವುದು, ಅದೂ ಬೆಳಗಿನ ಹೊತ್ತಿನಲ್ಲಿ. ಆಗ ಓರೆಯಾಗಿ ಬೀಳುವ ಎಳೆಬಿಸಿಲಿಗೆ, ಸೋದೆಯ ಅರಸು ಸದಾಶಿವರಾಯನ ಕಾಲದವೆಂದು ಹೇಳಲಾಗುವ ಆ ಕೆತ್ತನೆಗಳ ಅಂಚುಗಳು ಎದ್ದು ಕಾಣುತ್ತವೆ. ನಡು ಮಧ್ಯಾಹ್ನ ಅದೇ ಬಂಡೆಗಳು ಸಪ್ಪಗೆ ತೋರುತ್ತವೆ. ನೀರಿನಂಚಿನ ಬಂಡೆಯೊಂದರ ಮುಂದೆ ಅತಿಥಿಗಳನ್ನು ಕುಳ್ಳಿರಿಸಿ, ಲಿಂಗದೆದುರು ಮಲಗಿದ ನಂದಿಯನ್ನು ತೋರಿಸುತ್ತೇನೆ. ನಂದಿಯ ಮುಖ ಸವೆದು ನುಣುಪಾಗಿದ್ದರೂ ಬೆನ್ನಿನ ಡುಬ್ಬ ಕೈಗೆ ಸ್ಪಷ್ಟವಾಗಿ ಸಿಗುತ್ತದೆ. ಬಂಡೆಗಳ ಮೇಲೆ ಪಾಚಿ ಇರುವುದರಿಂದ ಮಕ್ಕಳ ಕೈ ಬಿಡಬಾರದೆಂದು ಮೊದಲೇ ತಿಳಿಸುತ್ತೇನೆ.

ಯಾಣಕ್ಕೆ ಪ್ರತ್ಯೇಕವಾಗಿ ಒಂದು ದಿನ ಮೀಸಲಿಡುತ್ತೇನೆ. ಮಳೆಗಾಲದಲ್ಲಿ ಹೋಗಲೇಬೇಕೆನ್ನುವವರ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಸುತ್ತೇನೆ. ಇಲ್ಲವಾದರೆ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಗಳನ್ನು (ಜಿಗಣೆ) ಕೀಳುವುದರಲ್ಲೇ ಹೊತ್ತು ಹೋಗಿ, 120 ಮೀಟರ್ ಎತ್ತರದ ಭೈರವೇಶ್ವರ ಶಿಖರದತ್ತ ತಲೆಯೆತ್ತಿ ನೋಡಲೂ ಅವರಿಗೆ ಮನಸ್ಸಾಗುವುದಿಲ್ಲ. ಆ ಕಪ್ಪು ಸುಣ್ಣಕಲ್ಲು ಅಷ್ಟು ಚೂಪಾಗಿ ನಿಂತದ್ದು ಯುಗಯುಗಗಳ ಮಳೆನೀರು ಕಲ್ಲನ್ನು ಕರಗಿಸಿದ್ದರಿಂದ ಎಂದು ಶಿಖರದ ಬಿರುಕುಗಳೊಳಗೆ ನಡೆಸುತ್ತಲೇ ವಿವರಿಸಿದರೆ, ಮಾತು ಬೇಗ ಮನಸ್ಸಿಗಿಳಿಯುತ್ತದೆ.

ಮಳೆ ಎಷ್ಟೇ ಹೊಯ್ದರೂ ಬನವಾಸಿ ನಿರಾಸೆಗೊಳಿಸಿದ್ದಿಲ್ಲ. ವರದೆ ಬಳಸಿ ಹರಿಯುವ ಈ ಕದಂಬರ ರಾಜಧಾನಿಯಲ್ಲಿ ಬಹಳಷ್ಟು ಜನ ಮಧುಕೇಶ್ವರನ ದರ್ಶನ ಮುಗಿಸಿ, ಕಲ್ಲಿನ ಮಂಚ ನೋಡಿ ಹೊರಟುಬಿಡುತ್ತಾರೆ. ನಾನು ಅವರನ್ನು ಆವರಣದಲ್ಲಿರುವ ಐದು ಹೆಡೆಯ ನಾಗಶಿಲೆಯ ಬಳಿ ನಿಲ್ಲಿಸುತ್ತೇನೆ. ಅದರ ಅಂಚಿನಲ್ಲಿ ಕದಂಬರಿಗಿಂತ ಹಿಂದಿನ ಚುಟು ಅರಸರ ಕಾಲದ ಪ್ರಾಕೃತ ಶಾಸನವಿದೆ. ಕಳೆದ ಜನವರಿಯಲ್ಲಿ ಬಂದಿದ್ದ ಶಾಲಾ ಬಾಲಕಿಯೊಬ್ಬಳು ಆ ಬ್ರಾಹ್ಮೀ ಅಕ್ಷರಗಳನ್ನು ಒಂದೊಂದಾಗಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳತೊಡಗಿದಳು. ಅವಳು ಮುಗಿಸುವವರೆಗೂ ನಾವೆಲ್ಲ ಅಲ್ಲೇ ಜಗಲಿಯಲ್ಲಿ ಕುಳಿತು, ಮನೆಯಿಂದ ತಂದ ಮುರುಗಲ ಪಾನಕ ಕುಡಿಯುತ್ತ ಕಾದೆವು.