25-25ರಂತೆ ಅರೇ ಒಡೆದದ್ದು

ಅಮೆಜಾನಿನ ಡೇಟಾಬೇಸ್ ಡೈನಮೋಡಿಬಿಯ ಬ್ಯಾಚ್ ರೈಟ್ (ಹಲವು ಐಟಂ ಒಟ್ಟಿಗೆ ಬರೆಯುವ ಕರೆ) ಒಂದು ಸಲಕ್ಕೆ 25 ಐಟಂಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಹಳೆಯ ಡೇಟಾಬೇಸಿನ ಗ್ರಾಹಕರ ಪಟ್ಟಿಯನ್ನು ಅಲ್ಲಿಗೆ ಸಾಗಿಸುವ ನೋಡ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಸ್ಕ್ರಿಪ್ಟ್ ನನ್ನ ಪಾಲಿಗೆ ಬಂತು. ಕೈಯಲ್ಲಿದ್ದದ್ದು ಸಾವಿರಾರು ಆಬ್ಜೆಕ್ಟ್‌ಗಳ ಒಂದೇ ಉದ್ದನೆಯ ಅರೇ, ಅಂದರೆ ಸಾಲಾಗಿ ಜೋಡಿಸಿದ ಪಟ್ಟಿ. ಪೈಥಾನ್‌ನವರಿಗೆ ಪಟ್ಟಿಯನ್ನು ತುಂಡು ಮಾಡಲು 3.12ರಿಂದ ಬ್ಯಾಚ್ಡ್ ಇದೆ, ಪಿಎಚ್‌ಪಿಯಲ್ಲಿ ಅರೇ ಚಂಕ್ ಯಾವ ಕಾಲದಿಂದಲೋ ಇದೆ. ಜಾವಾಸ್ಕ್ರಿಪ್ಟ್ ಅರೇಗೆ ಅಂಥದ್ದೊಂದು ಮೆಥಡ್ ಇಲ್ಲ. ಲೋಡ್ಯಾಶ್‌ನಲ್ಲಿ ಚಂಕ್ ಸಿಗುತ್ತದೆ, ನಿಜ. ನಾಲ್ಕು ಸಾಲಿನ ಕೆಲಸಕ್ಕೆ ಲೈಬ್ರರಿ ಯಾಕೆ ಅಂತ ನಾನೇ ಬರೆದೆ.

ಬರೆದದ್ದು ಇಷ್ಟೇ. ಮೊದಲು ಒಂದು ಖಾಲಿ ಅರೇ. ಆಮೇಲೆ ಸೊನ್ನೆಯಿಂದ ಹೊರಟು ಪ್ರತಿ ಸಲ 25 ಮುಂದಕ್ಕೆ ಹೋಗುವ ಫಾರ್ ಲೂಪ್. ಅದರೊಳಗೆ ಲೂಪ್ ಎಣಿಕೆ 'ಐ'ಯಿಂದ 'ಐ ಪ್ಲಸ್ ಸೈಜ್'ವರೆಗೆ (ಸೈಜ್ ಅಂದರೆ ತುಂಡಿನ ಗಾತ್ರ, ಇಲ್ಲಿ 25) ಸ್ಲೈಸ್ ಮಾಡಿ, ಅಂದರೆ ಆ ಭಾಗವನ್ನು ನಕಲು ಮಾಡಿ, ಸಿಕ್ಕಿದ್ದನ್ನು ಖಾಲಿ ಅರೇಗೆ ಪುಷ್ ಮಾಡುವುದು. ಕೊನೆಯಲ್ಲಿ ಮೂರೇ ಐಟಂ ಉಳಿದರೆ? ಅದಕ್ಕೆ ಬೇರೆ ಇಫ್ ಬೇಡ. ಅರೇಯ ಉದ್ದ ದಾಟಿದ ನಂಬರ್ ಕೊಟ್ಟರೂ ಸ್ಲೈಸ್ ಇದ್ದಷ್ಟನ್ನು ಕೊಟ್ಟು ಸುಮ್ಮನಾಗುತ್ತದೆ.

ವೈಲ್ ಲೂಪ್ ಹಾಕಿ ಸ್ಪ್ಲೈಸ್ ಮಾಡುವವರೂ (ತುಂಡನ್ನು ಮೂಲದಿಂದಲೇ ಕಿತ್ತು ತೆಗೆಯುವವರೂ) ಇದ್ದಾರೆ. ಕೋಡ್ ಇನ್ನೂ ಚಿಕ್ಕದಾಗುತ್ತದೆ, ಆದರೆ ಮೂಲ ಅರೇ ಪೂರ್ತಿ ಖಾಲಿಯಾಗುತ್ತದೆ. ನನಗೆ ಕೊನೆಯಲ್ಲಿ ಲೆಕ್ಕ ತಾಳೆ ನೋಡಲು ಮೂಲ ಪಟ್ಟಿ ಬೇಕಿತ್ತು, ಹಾಗಾಗಿ ಬಿಟ್ಟೆ. ರೆಡ್ಯೂಸ್ ಬಳಸಿ ಒಂದೇ ಸಾಲಿನಲ್ಲಿ ಮುಗಿಸುವ ಜಾಣತನವೂ ಇದೆ. ಓದುವವರ ಕಷ್ಟ ಕೇಳಬೇಡಿ.

ಸೈಜ್ ಎಲ್ಲಿಂದ ಬರುತ್ತದೆ ಅಂತ ಮಾತ್ರ ಸರಿಯಾಗಿ ನೋಡಿಕೊಳ್ಳಬೇಕು. ನೋಡ್‌ನಲ್ಲಿ ಎನ್ವಿರಾನ್ಮೆಂಟ್ ವೇರಿಯಬಲ್ (ಪ್ರೋಗ್ರಾಮಿಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಯಾವಾಗಲೂ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಸ್ಟ್ರಿಂಗ್ ಆಗಿರುವ 25ನ್ನು ಹಾಗೇ ಬಿಟ್ಟರೆ ಪ್ಲಸ್ ಕೂಡುವುದಿಲ್ಲ, ಅಂಟಿಸುತ್ತದೆ. ಮೊದಲ ತುಂಡು ಸರಿಯಾಗಿ 25 ಬರುತ್ತದೆ. ಆಮೇಲೆ 'ಐ' ಅನ್ನುವುದು '025' ಆಗಿ, ಸ್ಲೈಸ್‌ನ ಕೊನೆ '02525' ಆಗುತ್ತದೆ. ಅಂದರೆ 1,240 ಐಟಂ ಇದ್ದರೆ ಎರಡನೇ ತುಂಡಿನಲ್ಲಿ ಉಳಿದ 1,215 ಒಟ್ಟಿಗೇ! ಎರರ್ ಕೂಡ ಬರುವುದಿಲ್ಲ. ಸೊನ್ನೆ ಕೊಟ್ಟರಂತೂ ಲೂಪ್ ಮುಗಿಯುವುದೇ ಇಲ್ಲ. ಆದ್ದರಿಂದ ಫಂಕ್ಷನ್ ಶುರುವಿನಲ್ಲೇ ನಂಬರ್ ಆಗಿ ಬದಲಿಸಿ, ಅದು ಒಂದು ಅಥವಾ ಅದಕ್ಕಿಂತ ದೊಡ್ಡ ಪೂರ್ಣಾಂಕ ಅಲ್ಲದಿದ್ದರೆ ಎರರ್ ಎಸೆಯುತ್ತೇನೆ.

'ಸಮನಾಗಿ ಒಡೆಯಿರಿ' ಅಂದರೆ ಎರಡು ಬೇರೆ ಕೆಲಸ ಇರಬಹುದು. ಮದುವೆ ಊಟಕ್ಕೆ 103 ಜನ ಬಂದಿದ್ದಾರೆ ಅನ್ನಿ. ಪಂಕ್ತಿಗೆ 25 ಎಲೆ ಅಂದರೆ ಕೊನೆಯ ಪಂಕ್ತಿಯಲ್ಲಿ ಮೂರೇ ಜನ. ಐದು ಪಂಕ್ತಿಗೂ ಹೆಚ್ಚುಕಮ್ಮಿ ಒಂದೇ ಸಮ ಇರಲಿ ಅಂದರೆ 20, 21ರಂತೆ ಹಂಚಬೇಕು. ಡೈನಮೋಡಿಬಿಗೆ ಮೊದಲನೆಯದು ಸಾಕು. ಆದರೆ ಅದೇ ಪಟ್ಟಿಯನ್ನು ಫೋನ್ ಮಾಡಿ ವಿಳಾಸ ಕೇಳುವ ಐವರಿಗೆ ಹಂಚುವಾಗ ಎರಡನೆಯದೇ ಬೇಕಾಯಿತು. ಅಲ್ಲಿ ಸೊನ್ನೆಯಿಂದ ಎಣಿಸಿದ ಗುಂಪಿನ ನಂಬರನ್ನು ಒಟ್ಟು ಉದ್ದದಿಂದ ಗುಣಿಸಿ, ಐದರಿಂದ ಭಾಗಿಸಿ, ಮ್ಯಾಥ್ ಫ್ಲೋರ್ ಹಾಕಿ ದಶಮಾಂಶ ಬಿಟ್ಟರೆ ಆ ಗುಂಪಿನ ಶುರು ಸಿಗುತ್ತದೆ. ಮುಂದಿನ ಗುಂಪಿನ ಶುರುವೇ ಇದರ ಕೊನೆ. ಯಾರಿಗೂ ಒಂದಕ್ಕಿಂತ ಜಾಸ್ತಿ ವ್ಯತ್ಯಾಸ ಬರಲಿಲ್ಲ, ಜಗಳವೂ ಇಲ್ಲ.

ಒಡೆದಾಯಿತು, ಇನ್ನು ಕಳಿಸಬೇಕಲ್ವಾ? ಫಾರ್‌ಈಚ್ ಒಳಗೆ ಅಸಿಂಕ್ (ಉತ್ತರ ಆಮೇಲೆ ಬರುವ) ಫಂಕ್ಷನ್ ಕೊಟ್ಟರೆ ಅದು ಯಾರಿಗೂ ಕಾಯುವುದಿಲ್ಲ, ಎಲ್ಲ ತುಂಡುಗಳೂ ಒಟ್ಟಿಗೇ ಹೊರಡುತ್ತವೆ. ನಾನು ಫಾರ್ ಆಫ್ ಹಾಕಿ, ಒಳಗೆ ಅವೇಯ್ಟ್ ಮಾಡಿದೆ, ಅಂದರೆ ಒಂದು ತುಂಡು ಮುಗಿಯುವವರೆಗೆ ಕಾದೆ. ನಿಧಾನ, ಆದರೆ ಎಲ್ಲಿ ನಿಂತಿತು ಅನ್ನುವುದು ಗೊತ್ತಾಗುತ್ತದೆ. ಟೇಬಲ್‌ಗೆ ಹೊರೆ ಜಾಸ್ತಿಯಾದಾಗ ಬ್ಯಾಚ್ ರೈಟ್ ಕೆಲವು ಐಟಂಗಳನ್ನು 'ಅನ್‌ಪ್ರೊಸೆಸ್ಡ್' ಅಂತ ವಾಪಸ್ ಕೊಡುತ್ತದೆ, ಎರರ್ ಎಸೆಯದೇ. ಅವನ್ನು ಸ್ವಲ್ಪ ಕಾದು, ಪ್ರತಿ ಸಲ ಕಾಯುವ ಹೊತ್ತು ಹೆಚ್ಚಿಸುತ್ತಾ ಮತ್ತೆ ಕಳಿಸಬೇಕು. ನೋಡದೇ ಬಿಟ್ಟರೆ ಅಷ್ಟು ಗ್ರಾಹಕರು ಸದ್ದಿಲ್ಲದೆ ಮಾಯ.

ಇನ್ನೊಂದು ತರಲೆ ಡೂಪ್ಲಿಕೇಟ್‌ಗಳದ್ದು. ಒಂದೇ ಕೀ (ಐಟಂನ ಗುರುತು) ಇರುವ ಎರಡು ಐಟಂ ಒಂದೇ ತುಂಡಿಗೆ ಬಿದ್ದರೆ ಆ ರಿಕ್ವೆಸ್ಟ್ ಪೂರ್ತಿ ತಿರಸ್ಕೃತ. ಬೇರೆ ಬೇರೆ ತುಂಡಿಗೆ ಬಿದ್ದರೆ ಹಿಂದಿನದರ ಮೇಲೆ ಮುಂದಿನದು ಸುಮ್ನೆ ಕೂತುಬಿಡುತ್ತದೆ. ಸೈಜ್ ಬದಲಿಸಿದರೆ ಎರರ್ ಬಂದರೂ ಬಂತು, ಹೋದರೂ ಹೋಯಿತು. ಅದಕ್ಕೆ ಒಡೆಯುವ ಮುಂಚೆಯೇ ಕೀ ಹಿಡಿದು ಎಲ್ಲವನ್ನೂ, ಒಂದು ಕೀಗೆ ಒಂದೇ ಐಟಂ ಇಡುವ ಒಂದು ಮ್ಯಾಪ್‌ಗೆ ಹಾಕಿ, ಅದರ ವ್ಯಾಲ್ಯೂಗಳನ್ನು ಮತ್ತೆ ಅರೇ ಮಾಡಿ, ಆಮೇಲೆ ಲೂಪ್‌ಗೆ ಕೊಟ್ಟೆ.