ಹಿಂಡಲಗಾ ಜೈಲಿನಲ್ಲಿ ನಾನು ವೈರಿಂಗ್ ಕಲಿಸಿದ್ದು

ಮೊದಲ ತಪ್ಪು ನನ್ನದೇ. ಬೆಳಗಾವಿಯ ಹಿಂಡಲಗಾ ಕೇಂದ್ರ ಕಾರಾಗೃಹಕ್ಕೆ ಕಲಿಸಲು ಹೋದಾಗ ನಮ್ಮ ಕಾಲೇಜಿನ 3 ತಿಂಗಳ ಹೌಸ್ ವೈರಿಂಗ್ ಕೋರ್ಸನ್ನು ಇದ್ದದ್ದು ಇದ್ದ ಹಾಗೇ ಒಯ್ದಿದ್ದೆ. 20 ಜನ ಸೇರಿದರು. ಎರಡನೇ ತಿಂಗಳಿಗೆ ಉಳಿದವರು 11. ಯಾರೂ ಬೇಜಾರಾಗಿ ಬಿಟ್ಟವರಲ್ಲ. ಕೆಲವರಿಗೆ ಜಾಮೀನು ಸಿಕ್ಕಿತು, ಕೆಲವರನ್ನು ಬೇರೆ ಜೈಲಿಗೆ ಕಳಿಸಿದರು.

ಜೈಲಿನಲ್ಲಿ ಶಿಕ್ಷೆಯಾದವರೇ ಜಾಸ್ತಿ ಅಂತ ನಾನೂ ಅಂದುಕೊಂಡಿದ್ದೆ. ಆದರೆ ನಮ್ಮ ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಬಂದಿಗಳು, ಅಂದರೆ ಕೇಸು ಇನ್ನೂ ಮುಗಿಯದವರು. ಯಾವತ್ತು ಹೊರಗೆ ಹೋಗುತ್ತೇವೆ ಅನ್ನುವುದು ಅವರಿಗೇ ಗೊತ್ತಿರುವುದಿಲ್ಲ. ಹೋದ ಆ 9 ಜನ ಕಲಿತಿದ್ದರು, ಆದರೆ ಕಲಿತದ್ದಕ್ಕೆ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಅದು ನನ್ನನ್ನು ಬಹಳ ದಿನ ಕಾಡಿತು.

ಎರಡನೇ ತಂಡಕ್ಕೆ ಕೋರ್ಸನ್ನು ಒಡೆದೆ. ಎಂಟೆಂಟು ದಿನದ ತುಂಡು. ಒಂದು ಸ್ವಿಚ್, ಒಂದು ಬಲ್ಬ್ ಮೊದಲನೆಯದು. ಆಮೇಲೆ ಪ್ಲಗ್ ಪಾಯಿಂಟ್ ಮತ್ತು ಅರ್ಥಿಂಗ್. ಮೂರನೆಯದು ಮೆಟ್ಟಿಲಿನ ದೀಪ, ಅಂದರೆ ಕೆಳಗೆ ಹಾಕಿ ಮೇಲೆ ಆರಿಸುವುದು. ಪ್ರತಿ ತುಂಡಿಗೂ ಅಲ್ಲೇ ಪರೀಕ್ಷೆ, ಅಲ್ಲೇ ಪ್ರಮಾಣಪತ್ರ. ಪ್ರಮಾಣಪತ್ರದಲ್ಲಿ ಕಾಲೇಜಿನ ಹೆಸರು, ವಿಳಾಸ ಅಷ್ಟೇ. ಜೈಲು ಅನ್ನುವ ಮಾತು ಎಲ್ಲೂ ಬರಬಾರದು ಅಂತ ನಾನು ಹಟ ಹಿಡಿದೆ. ನಾಳೆ ಕೆಲಸ ಕೇಳಲು ಹೋದಾಗ ತೋರಿಸಬೇಕಾದ ಕಾಗದ ಅದು, ಅಲ್ವಾ?

ವೈರಿಂಗ್ ಕಲಿಯುವಾಗ ಲೈನ್ ಕರೆಂಟನ್ನು ಅಲ್ಲಿ ಮುಟ್ಟಿಸಲಿಲ್ಲ. 12 ವೋಲ್ಟಿನ ಬ್ಯಾಟರಿ, ಬೈಕಿನ ಇಂಡಿಕೇಟರ್ ಬಲ್ಬ್ ಸಾಕಾಯಿತು. ಓದಲು ಬಾರದವರಿದ್ದರು, ಬರೀ ಮರಾಠಿ ಬಲ್ಲವರಿದ್ದರು. ಅದಕ್ಕೆ ಬೋರ್ಡ್ ಮೇಲೆ ಬರೆಯುವುದನ್ನು ಬಿಟ್ಟು ಬಣ್ಣದಲ್ಲೇ ಹೇಳಿದೆ: ಕರೆಂಟ್ ತರುವ ಕೆಂಪು ಫೇಸ್, ಮರಳಿ ಒಯ್ಯುವ ಕಪ್ಪು ನ್ಯೂಟ್ರಲ್, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಹಸಿರು ಅರ್ಥ್.

ಪ್ಲೈವುಡ್ ಹಲಗೆಯ ಮೇಲೆ ಪ್ರತಿ ಸಾಮಾನಿನ ಆಕಾರ ಬರೆದು, ಅದರ ಮೇಲೇ ತೂಗುಹಾಕುತ್ತಿದ್ದೆವು. ಕಟಿಂಗ್ ಪ್ಲೇಯರ್ ಇಲ್ಲದಿದ್ದರೆ ಜಾಗ ಖಾಲಿ ಕಾಣುತ್ತದೆ. ಬಂದಾಗ ಎಣಿಕೆ, ಹೋಗುವಾಗ ಎಣಿಕೆ. ಒಂದು ದಿನ ಒಂದು ಟೆಸ್ಟರ್ ಕಡಿಮೆ ಬಂತು. ಎಲ್ಲರನ್ನೂ ನಿಲ್ಲಿಸಿ ತಪಾಸಣೆ ಮಾಡಿದರು. ಕೊನೆಗೆ ಅದು ಸಿಕ್ಕಿದ್ದು ನನ್ನ ಬ್ಯಾಗಿನ ಪಕ್ಕದ ಜೇಬಿನಲ್ಲಿ. ಒಬ್ಬೊಬ್ಬರ ಮುಂದೆ ನಿಂತು ಕ್ಷಮೆ ಕೇಳಿದೆ. ಅಂದಿನಿಂದ ನನ್ನ ಬ್ಯಾಗು ಗೇಟಿನಲ್ಲೇ ಉಳಿಯಿತು.

ಆ ತಂಡದಲ್ಲಿ ಒಬ್ಬ ಹಿರಿಯರಿದ್ದರು, ಸಜಾಬಂದಿ. ಹೊಲದ ಕೆಲಸ ಮಾಡಿದವರು, ಹಗ್ಗ ಹೊಸೆದ ಕೈ. ತಂತಿಯ ಸಿಪ್ಪೆಯನ್ನು ಒಂದು ಎಳೆಯೂ ಕಡಿಯದಂತೆ ಸುಲಿಯುತ್ತಿದ್ದರು. ಆದರೆ ಪ್ಲಗ್ಗಿನಲ್ಲಿ ಮತ್ತೆ ಮತ್ತೆ ಫೇಸ್ ತಂತಿಯನ್ನು ಅರ್ಥ್ ಜಾಗಕ್ಕೆ ಕೂಡಿಸುತ್ತಿದ್ದರು. ಮೂರನೇ ಸಲ ನಾನು ದನಿ ಏರಿಸಿದೆ. ಅವರು ಎರಡೂ ತಂತಿ ಎತ್ತಿ ಹಿಡಿದು, "ಎರಡೂ ಒಂದೇ ಬಣ್ಣ ಅದಾವಲ್ರೀ ಸರ" ಅಂದರು. ಅವರ ಕಣ್ಣಿಗೆ ಕೆಂಪು, ಹಸಿರು ಬೇರೆಬೇರೆ ಕಾಣುವುದಿಲ್ಲ. ಅಷ್ಟು ವರ್ಷ ಅದು ಅವರಿಗೂ ಗೊತ್ತಿರಲಿಲ್ಲ. ಬಣ್ಣದಲ್ಲೇ ಎಲ್ಲ ಹೇಳುತ್ತೇನೆ ಅಂತ ಹೊರಟ ನನಗೆ ಅದು ಮೊದಲೇ ಹೊಳೆಯಬೇಕಿತ್ತು. ವೈರಿಂಗ್ ಅವರಿಗೆ ಅಪಾಯದ ಕೆಲಸ. ಫ್ಯಾನ್ ವೈಂಡಿಂಗಿಗೆ, ಅಂದರೆ ಫ್ಯಾನಿನ ಮೋಟರಿಗೆ ತಂತಿ ಸುತ್ತುವ ಕೆಲಸಕ್ಕೆ ಕೂರಿಸಿದೆ. ಅಲ್ಲಿ ಇರುವುದೆಲ್ಲ ತಾಮ್ರ, ಬೇಕಾದದ್ದು ಸುತ್ತಿನ ಲೆಕ್ಕ ಮತ್ತು ತಾಳ್ಮೆ. ನೂರು ಸುತ್ತಿಗೊಮ್ಮೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಅವರು ಕಟ್ಟಿದ ಮೊದಲ ಫ್ಯಾನ್ ತಿರುಗಿದಾಗ ರೆಕ್ಕೆ ನೋಡಲಿಲ್ಲ, ಕಣ್ಣು ಮುಚ್ಚಿ ಸದ್ದು ಕೇಳುತ್ತಾ ನಿಂತರು.

ಅದೇ ತಂಡದ ಒಬ್ಬ ಹುಡುಗ ಎರಡು ತುಂಡು ಮುಗಿಸಿದಾಗ ಜಾಮೀನು ಸಿಕ್ಕು ಹೋದ. ಕೆಲವು ವಾರ ಬಿಟ್ಟು ಎರಡೂ ಪ್ರಮಾಣಪತ್ರ ಹಿಡಿದು ಕಾಲೇಜಿಗೆ ಬಂದ. ಮೂರನೆಯದನ್ನು ನಮ್ಮ ವಿದ್ಯಾರ್ಥಿಗಳ ಜೊತೆಗೇ ಕಲಿತ. ಎಲ್ಲಿಂದ ಬಂದ ಅಂತ ನಾನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಮೊದಲ ದಿನ ಸಂಜೆ ಹುಡುಗರೆಲ್ಲ ಸಾಮಾನು ಪೆಟ್ಟಿಗೆಗೆ ಹಾಕಿ ಹೊರಟರು. ಅವನು ಮಾತ್ರ ಪೆಟ್ಟಿಗೆ ಹತ್ತಿರ ನಿಂತಿದ್ದ.

"ಸರ, ಎಣಿಸೂದಿಲ್ಲೇನ್ರೀ?"

ಇಬ್ಬರೂ ಕೂತು ಎಣಿಸಿದೆವು.