ಸೆನ್ಸರ್ ಸುದ್ದಿ ತಡವಾಗುತ್ತಿದ್ದರೆ ಮೊದಲು ಸ್ಲಾಟ್‌ಗಳ ಸರದಿ ನೋಡಿ

ಕಲಬುರಗಿಯಿಂದ ಆಳಂದ ಕಡೆ ಹೋಗುವ ದಾರಿಯಲ್ಲಿ ನಮ್ಮ ತೊಗರಿ ಹೊಲ. ಅಲ್ಲಿ ಮಣ್ಣಿನ ತೇವ ಮತ್ತು ಡ್ರಿಪ್ ಪೈಪಿನ ಒತ್ತಡ ಅಳೆಯುವ ನೋಡ್‌ಗಳಿವೆ, ಅಂದರೆ ರೇಡಿಯೊ ಇರುವ ಸಣ್ಣ ಸೆನ್ಸರ್ ಡಬ್ಬಿಗಳು. ತೇವದ ಲೆಕ್ಕ ಹತ್ತು ನಿಮಿಷ ತಡವಾದರೂ ನಡೆಯುತ್ತದೆ. ಪೈಪ್ ಒಡೆದ ಸುದ್ದಿ ಹಾಗಲ್ಲ, ಪಂಪ್ ಕೂಡಲೇ ನಿಲ್ಲಬೇಕು. ಎಲ್ಲ ನಡೆಯುವುದು ಬ್ಯಾಟರಿ ಮೇಲೆ, ರೇಡಿಯೊ ಇಡೀ ದಿನ ಆನ್ ಇಡುವ ಹಾಗಿಲ್ಲ.

ಸುದ್ದಿ ತಡವಾದರೆ ಜನ ಸುಮ್ನೆ ರೇಡಿಯೊ ಪವರ್ ಏರಿಸುತ್ತಾರೆ, ಇಲ್ಲವೇ ಸ್ಲಾಟ್ (ನೋಡ್ ಮಾತಾಡಲು ಗೊತ್ತು ಮಾಡಿದ ಹೊತ್ತು) ಜಾಸ್ತಿ ಕೊಡುತ್ತಾರೆ. ಎರಡಕ್ಕೂ ಮೊದಲು ಸರದಿ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ನಾವು ಬಳಸುವುದು ಟಿಎಸ್‌ಸಿಎಚ್, ಅಂದರೆ ಯಾವ ನೋಡ್ ಯಾವ ಹೊತ್ತಿಗೆ, ಯಾವ ಚಾನೆಲ್‌ನಲ್ಲಿ ಮಾತಾಡಬೇಕು ಅಂತ ಮೊದಲೇ ಗೊತ್ತು ಮಾಡುವ ಪದ್ಧತಿ. 2012ರ ಐಇಇಇ 802.15.4ಇ ಮಾನಕದಲ್ಲಿ ಬಂದದ್ದು. ಸಾಮಾನ್ಯವಾಗಿ ಒಂದು ಸ್ಲಾಟ್ 10 ಮಿಲಿಸೆಕೆಂಡ್. 101 ಸ್ಲಾಟ್ ಸೇರಿದರೆ ಒಂದು ಸ್ಲಾಟ್‌ಫ್ರೇಮ್, ಅಂದರೆ 1.01 ಸೆಕೆಂಡ್. ಆಮೇಲೆ ಅದೇ ಮತ್ತೆ ಶುರು. ತನ್ನ ಸ್ಲಾಟ್ ಇಲ್ಲದಾಗ ನೋಡ್ ಮಲಗಿರುತ್ತದೆ.

ನಾಲ್ಕು ನೋಡ್ ಸಾಲಾಗಿವೆ ಅಂದುಕೊಳ್ಳಿ: ಗೇಟ್‌ವೇ (ಎಲ್ಲ ಸುದ್ದಿ ಬಂದು ಸೇರುವ ಪೆಟ್ಟಿಗೆ) ಪಕ್ಕದ್ದು ಕ, ಆಮೇಲೆ ಖ, ಗ, ಕೊನೆಯದು ಘ. ಘ-ದ ಪ್ಯಾಕೆಟ್ (ಸುದ್ದಿಯ ಕಟ್ಟು) ಗ, ಖ, ಕ ದಾಟಿ ಗೇಟ್‌ವೇ ಸೇರಬೇಕು. ಹತ್ತಿರದಿಂದ ಎಣಿಸಿ ಕ-ಗೆ 10, ಖ-ಗೆ 20, ಗ-ಗೆ 30, ಘ-ಗೆ 40ನೇ ಸ್ಲಾಟ್ ಕಳಿಸಲು ಕೊಟ್ಟಿರಿ. ಘ 40ರಲ್ಲಿ ಕಳಿಸುವಷ್ಟರಲ್ಲಿ ಗ-ದ 30 ಮುಗಿದಿರುತ್ತದೆ. ಪ್ಯಾಕೆಟ್ ಮುಂದಿನ ಫ್ರೇಮ್‌ವರೆಗೆ ಕಾಯಬೇಕು. ಖ, ಕ ಹತ್ತಿರವೂ ಇದೇ ಕಥೆ. ಒಟ್ಟು 274 ಸ್ಲಾಟ್, 2.74 ಸೆಕೆಂಡ್. ಈಗ ತಿರುಗಿಸಿ: ಘ 10, ಗ 12, ಖ 14, ಕ 16. ಏಳೇ ಸ್ಲಾಟ್, 70 ಮಿಲಿಸೆಕೆಂಡಿಗೆ ಪ್ಯಾಕೆಟ್ ಗೇಟ್‌ವೇ ಸೇರುತ್ತದೆ. ಸ್ಲಾಟ್ ಅಷ್ಟೇ, ಬ್ಯಾಟರಿ ಖರ್ಚೂ ಅಷ್ಟೇ. ಮೊದಲ ಸ್ಲಾಟಿಗಾಗಿ ಘ ಕಾಯುವ ಹೊತ್ತು ಮಾತ್ರ ಉಳಿಯುತ್ತದೆ, ಅದು ಹೆಚ್ಚೆಂದರೆ ಒಂದು ಫ್ರೇಮ್.

ನಡುವೆ ಒಂದೊಂದು ಸ್ಲಾಟ್ ಖಾಲಿ ಬಿಟ್ಟದ್ದು ಬೇಕೆಂದೇ. ಬಂದ ಪ್ಯಾಕೆಟ್ ಓದಿ ಮುಂದಿನ ಕ್ಯೂಗೆ ಹಾಕಲು ಸಣ್ಣ ಪ್ರೊಸೆಸರ್‌ಗೆ ಸ್ವಲ್ಪ ಹೊತ್ತು ಬೇಕು.

ಪ್ಯಾಕೆಟ್ ಕಳೆದುಹೋದರೆ? ಮತ್ತೆ ಇಡೀ ಫ್ರೇಮ್ ಕಾಯಬೇಕಾಗುತ್ತದೆ. ಅದಕ್ಕೇ ದುರ್ಬಲ ಲಿಂಕಿಗೆ ಪಕ್ಕದಲ್ಲೇ ಇನ್ನೊಂದು ಸ್ಲಾಟ್ ಕೊಡಿ: ಗ-ಗೆ 12 ಮತ್ತು 13, ಖ 15ಕ್ಕೆ, ಕ 17ಕ್ಕೆ. ಎರಡನೇ ಸ್ಲಾಟಿನಲ್ಲಿ ಏನೂ ಬರದಿದ್ದರೆ ಖ ಸುಮಾರು 2.2 ಮಿಲಿಸೆಕೆಂಡ್ ಕೇಳಿಸಿಕೊಂಡು ಮಲಗುತ್ತದೆ, ಖರ್ಚು ಕಮ್ಮಿ. ಎಲ್ಲ ಲಿಂಕಿಗೂ ಹೀಗೆ ಕೊಡುವುದು ಬೇಡ.

101ನ್ನು 100 ಮಾಡಬೇಡಿ! ಚಾನೆಲ್ 16 ಇವೆ, ಪ್ರತಿ ಫ್ರೇಮಿಗೂ ಚಾನೆಲ್ ಬದಲಾಗುತ್ತದೆ. 101ಕ್ಕೂ 16ಕ್ಕೂ ಸಾಮಾನ್ಯ ಅಪವರ್ತನ ಇಲ್ಲ, ಹಾಗಾಗಿ ಒಂದು ಸ್ಲಾಟ್ 16 ಚಾನೆಲ್‌ಗಳನ್ನೂ ಸುತ್ತುತ್ತದೆ. 100 ಇಟ್ಟರೆ ನಾಲ್ಕರಲ್ಲೇ ಗಿರಕಿ ಹೊಡೆಯುತ್ತದೆ.

ಹೊಲದ ಎರಡು ಕವಲುಗಳು ಒಂದೇ ಸ್ಲಾಟಿನಲ್ಲಿ ಬೇರೆ ಬೇರೆ ಚಾನೆಲ್ ಬಳಸಬಹುದು. ಗೇಟ್‌ವೇ ಹತ್ತಿರ ಮಾತ್ರ ಆಗದು. ಅದಕ್ಕೆ ಇರುವುದು ಒಂದೇ ರೇಡಿಯೊ, ಒಮ್ಮೆಗೆ ಒಬ್ಬರ ಮಾತು ಕೇಳುತ್ತದೆ.

ನಮ್ಮ ಕಡೆ ಎರಡು ವಿಷಯ ವಿಶೇಷವಾಗಿ ಕಾಡುತ್ತವೆ. ಒಂದು ತೊಗರಿಯೇ. ಮುಂಗಾರಿನಲ್ಲಿ ಬಿತ್ತಿದಾಗ ಹೊಲ ಬಯಲು, ಹೂ ಬಿಡುವ ಹೊತ್ತಿಗೆ ಆಳೆತ್ತರದ ಹಸಿರು. 2.4 ಗಿಗಾಹರ್ಟ್ಸ್ ಅಲೆಯನ್ನು ಎಲೆಯಲ್ಲಿರುವ ನೀರು ಹೀರುತ್ತದೆ. ಲಿಂಕ್ ಸೊರಗಿದಾಗ ಆರ್‌ಪಿಎಲ್ (ಪ್ಯಾಕೆಟ್ ಹೋಗುವ ದಾರಿ ಆರಿಸುವ ವ್ಯವಸ್ಥೆ) ದಾರಿ ಬದಲಿಸುತ್ತದೆ, ನೀವು ಜೋಡಿಸಿದ ಸರದಿ ಕೆಡುತ್ತದೆ. ಆರ್ಕೆಸ್ಟ್ರಾದಂಥ ಸ್ವಯಂ ವೇಳಾಪಟ್ಟಿ ದಾರಿ ಬದಲಾದರೂ ತಡೆದುಕೊಳ್ಳುತ್ತದೆ ನಿಜ. ಆದರೆ ಅದು ಸ್ಲಾಟ್ ಆರಿಸುವುದು ನೋಡಿನ ವಿಳಾಸದಿಂದ, ಹೊಲದ ಸಾಲು ಅದಕ್ಕೆ ಗೊತ್ತಿಲ್ಲ ಅಲ್ವಾ? ಒತ್ತಡದ ನೋಡ್‌ಗಳಿಗೆ ನಾನು ದಾರಿಯನ್ನು ಕೈಯಾರೆ ಗಟ್ಟಿ ಮಾಡಿ, ಆಂಟೆನಾವನ್ನು ಬೆಳೆಗಿಂತ ಎತ್ತರದ ಕಂಬಕ್ಕೆ ಕಟ್ಟುತ್ತೇನೆ.

ಇನ್ನೊಂದು ಬಿಸಿಲು. ನೋಡಿನ ಗಡಿಯಾರ ನಡೆಸುವ 32 ಕಿಲೋಹರ್ಟ್ಸ್ ಕ್ರಿಸ್ಟಲ್ 25 ಡಿಗ್ರಿಯಿಂದ ದೂರ ಹೋದಷ್ಟೂ ನಿಧಾನವಾಗುತ್ತದೆ. ಬಿಸಿಲಿಗೆ ಡಬ್ಬಿಯೊಳಗೆ 60 ಡಿಗ್ರಿ, ನೆರಳಿನ ನೋಡಿನಲ್ಲಿ 35 ಇದ್ದರೆ ಇಬ್ಬರ ಗಡಿಯಾರಕ್ಕೂ ಸುಮಾರು 40 ಪಿಪಿಎಂ (ಹತ್ತು ಲಕ್ಷದಲ್ಲಿ 40 ಪಾಲು) ಅಂತರ. 25 ಸೆಕೆಂಡಿಗೆ ಒಂದು ಮಿಲಿಸೆಕೆಂಡ್ ಜಾರುತ್ತದೆ, ಕೇಳುವ ಕಿಟಕಿ ಎರಡೂ ಕಡೆ ಇರುವುದೇ ಅಷ್ಟು. ಜಾರಿದ ನೋಡ್ ಮತ್ತೆ ಬೀಕನ್ (ಜಾಲದ ಹೊತ್ತು ಸಾರುವ ಸಂಕೇತ) ಹುಡುಕಿ ಸೇರಿಕೊಳ್ಳಬೇಕು, ಅಲ್ಲಿಯವರೆಗೆ ಸುದ್ದಿಯೇ ಇಲ್ಲ. ಡಬ್ಬಿಗೆ ಬಿಳಿ ಬಣ್ಣ ಬಳಿಯಿರಿ, ಮೇಲೊಂದು ನೆರಳು ಕೊಡಿ, ಕೀಪ್‌ಅಲೈವ್ (ಗಡಿಯಾರ ಸರಿಹೊಂದಿಸಿಕೊಳ್ಳುವ ಸಣ್ಣ ಪ್ಯಾಕೆಟ್) ಹತ್ತು ಸೆಕೆಂಡಿಗೊಮ್ಮೆ ಇಡಿ.

ಅಳೆಯುವುದು ಸುಲಭ. ಇಡೀ ಜಾಲಕ್ಕೆ ಎಎಸ್‌ಎನ್ ಎಂಬ ಒಂದೇ ಸ್ಲಾಟ್ ಎಣಿಕೆ ಇರುತ್ತದೆ. ಹೊರಡುವಾಗಿನ ಎಣಿಕೆಯನ್ನು ಪ್ಯಾಕೆಟ್‌ನಲ್ಲಿ ಬರೆದು ಕಳಿಸಿ, ಗೇಟ್‌ವೇಯಲ್ಲಿ ಕಳೆದು ಹತ್ತರಿಂದ ಗುಣಿಸಿ, ಮಿಲಿಸೆಕೆಂಡ್ ಸಿಗುತ್ತದೆ. ಮೊದಲು ಕೂಜಾ ಸಿಮ್ಯುಲೇಟರ್‌ನಲ್ಲಿ, ಆಮೇಲೆ ಹೊಲದಲ್ಲಿ, ಅದೂ ಮಧ್ಯಾಹ್ನದ ಬಿಸಿಲಲ್ಲಿ. ಸರಾಸರಿ ನೋಡಿ ಸಮಾಧಾನ ಆಗಬೇಡಿ, ಎಲ್ಲಕ್ಕಿಂತ ತಡವಾಗಿ ಬಂದ ಪ್ಯಾಕೆಟ್ ಯಾವ ಲಿಂಕಿನಲ್ಲಿ ಕಾಯಿತು ಅಂತ ಹುಡುಕಿ.